ಹತ್ತು ನಿಮಿಷ

ಒಂದೇ ಪೆಟ್ಟಿಗೆ, ಆಳೆತ್ತರ; ಒಳಗೆ ಎರಡು ಒಲೆ.
ಒಂದರಲ್ಲಿ ಮೀನಿನ ಹರಾಜು ಬೇಯುತ್ತದೆ,
ಇನ್ನೊಂದರಲ್ಲಿ ಕಾರ್ಖಾನೆಯ ಸಂಬಳ.
ಇವರ ಹೊಗೆ ಅವರಿಗಿಲ್ಲ, ಅವರ ಕಿಡಿ ಇವರಿಗೆ ತಾಗದು.
ಗೋಡೆ ಎಲ್ಲಿ ಎಂದು ಕೇಳಿದರೆ
ಸುನ್ವೊರ್ ತೆರೆಯ ಮೇಲಿನ ಪಟ್ಟಿ ತೋರಿಸುತ್ತಾಳೆ:
ಸೊನ್ನೆ, ಒಂದು, ಎರಡು, ಮೂರನೆಯ ಕೋಶ ಹರಾಜಿಗೆ,
ನಾಲ್ಕು, ಐದು ಸಂಬಳಕ್ಕೆ,
ಆರು ಯಾರದೂ ಅಲ್ಲ.
ಮುಟ್ಟಿ ನೋಡುವಂಥ ಗೋಡೆ ಇಲ್ಲ.

ಕ್ಲಾಕ್ಸ್‌ವೀಕಿನ ಬಂದರು. ಜನವರಿ.
ಬೆಳಗಿನ ಜಾವ ನಾಲ್ಕೂ ಹತ್ತು; ಬೆಳಕಿಗಿನ್ನೂ ಐದು ಗಂಟೆ.
ಗಾಳಿ ಎರಡು ಸಲ ಕರೆಂಟು ಕಿತ್ತುಕೊಂಡು ಹೋಗಿತ್ತು.
ಮೊದಲ ಸಲ ಬ್ಯಾಟರಿ ತಡೆದುಕೊಂಡಿತು,
ಎರಡನೆಯ ಸಲ ಕೈಚೆಲ್ಲಿತು.
ಹೊರಗೆ ಮೂರು ದೋಣಿ, ಹೊಟ್ಟೆತುಂಬ ಹ್ಯಾಡಕ್ ಮೀನು.
ಆರಕ್ಕೆ ಗಂಟೆ ಹೊಡೆಯಬೇಕು.
ಯಂತ್ರ ಎದ್ದಿಲ್ಲ.

ಎದ್ದಿಲ್ಲ ಅನ್ನುವುದೂ ತಪ್ಪು. ಎದ್ದು ಕೂತಿದೆ, ಉಣ್ಣುತ್ತಿಲ್ಲ.
ಸೊನ್ನೆ ಬಂತು. ಒಂದು ಬಂತು.
ಎರಡು ತನ್ನ ನೆನಪನ್ನೆಲ್ಲ
ಮೂಲೆ ಮೂಲೆ ತಟ್ಟಿ ನೋಡಿಕೊಂಡು ಬಂತು.
ಮೂರು ಬಂದಿಲ್ಲ.
ಪಂಕ್ತಿಯಲ್ಲಿ ಎಲೆ ಹಾಕಿದ ಮೇಲೆ
ಒಬ್ಬ ಬಾರದೆ ಯಾರೂ ಕೈಯಿಡುವುದಿಲ್ಲವಲ್ಲ,
ಹಾಗೆ ಮೂವರೂ ಸುಮ್ಮನೆ.

ಕಟ್ಟಳೆ ಇಷ್ಟೇ: ಬಾರದವರಿಗೆ ಹತ್ತು ನಿಮಿಷ ಕಾಯತಕ್ಕದ್ದು.
ಆಮೇಲೆ ಬಂದವರಷ್ಟೇ ಕೂಡಿ ಸಂಸಾರ ಹೂಡತಕ್ಕದ್ದು.
ಯಾರು ಬರೆದರೋ ಈ ಹತ್ತನ್ನು.
ಒಂಬತ್ತು ಯಾಕಲ್ಲ?
ಯಾವ ಊರಿನ ಎಂಜಿನಿಯರೋ,
ಯಾರಿಗಾಗಿ ಎಲ್ಲಿ ನಿಂತು ಕಾದವನೋ.

ಕಾಯುವುದನ್ನು ನಡುವೆಯೇ ಬಿಡಿಸಬಹುದು. ಅವಳಿಗೆ ಗೊತ್ತು.
ಆದರೆ ಕಪಾಟಿನಲ್ಲಿ ಹಾನುಸನ ನೋಟ್‌ಬುಕ್ಕಿದೆ,
ನೀಲಿ ರಟ್ಟು, ಪುಟಪುಟಕ್ಕೂ ಮೀನೆಣ್ಣೆಯ ವಾಸನೆ:
“ಮೂರನೆಯದು ಚಳಿಗೆ ಸೋಮಾರಿ. ಬೈಯಬೇಡ. ಕಾಫಿ ಕುಡಿ.”
ಅವಳು ಬೈದಳು. ಕಾಫಿಯನ್ನೂ ಕುಡಿದಳು.
ಹತ್ತು ನಿಮಿಷವೆಂದರೆ ಎಷ್ಟು ಉದ್ದವೆಂದು
ಬಂದರಿನಲ್ಲಿ ಹುಟ್ಟಿದವಳಿಗೆ ಹೇಳಿಕೊಡಬೇಕಾಗಿಲ್ಲ.

ಮೂರು ಬರಲಿಲ್ಲ.
ಉಳಿದವರು ಗದ್ದಲವಿಲ್ಲದೆ
ಸೊನ್ನೆಯನ್ನೇ ಯಜಮಾನ ಮಾಡಿಕೊಂಡು
ಬೂಟಿನ ಹಾದಿ ಹಿಡಿದರು.
ಮೊದಲ ಹಾದಿಯ ಡಿಸ್ಕು ಬಾಗಿಲು ತೆರೆಯಲಿಲ್ಲ.
ತಡೆಯಬೇಕಿದ್ದರೆ ಹತ್ತು ಸೆಕೆಂಡಿನಲ್ಲಿ ಯಾವುದಾದರೂ ಕೀಲಿ ಒತ್ತಿ, ಎಂದಿತು.
ಒತ್ತಲಿಲ್ಲ. ಕೈ ಎರಡೂ ಕಂಕುಳಲ್ಲಿ.
ಪರ್ಯಾಯ ಹಾದಿಯೆಂದು ಹಾನುಸ್ ಎಂದೋ ಬರೆದಿಟ್ಟದ್ದು,
ಯಾವ ವರ್ಷದ ಪರೀಕ್ಷೆಯಲ್ಲೂ ಯಾರೂ ತುಳಿಯದ್ದು,
ಆ ಚಿಕ್ಕ ಡಿಸ್ಕು ಕೆಮ್ಮಿತು, ತಿರುಗಿತು,

ತೆರೆಯ ಮೇಲೆ ಎಂಟು ವರ್ಷದ ಹಿಂದಿನ ಬೆಳಗು ಮೂಡಿತು:
“ಶುಕ್ರವಾರ ಮೂರಕ್ಕೆ ರನ್ವಾಳ ಬೀಳ್ಕೊಡುಗೆ.
ಮೇಲಿನ ಅಡುಗೆಮನೆ. ರುಬಾರ್ಬ್ ಕೇಕಿದೆ.
ದಯವಿಟ್ಟು ಚಮಚ ತೊಳೆದಿಡಿ.”

ಯಾರು ರನ್ವಾ? ತಕ್ಕಡಿಯ ಹುಡುಗ ಟೊರ್ಕಿಲ್ ಕೇಳಿದ.
ಸುನ್ವೊರಳಿಗೆ ಮುಖ ಹೊಳೆಯಲಿಲ್ಲ.
ಕೇಕು ನೆನಪಾಯಿತು. ಹುಳಿ ಜಾಸ್ತಿಯಾಗಿತ್ತು.

ಕಡತಗಳ ಗಾಯ ಒಂದೊಂದೇ ಹೊಲಿದು
ಐದೂ ಐವತ್ತೆರಡಕ್ಕೆ ಹರಾಜು ಕಣ್ಣುಬಿಟ್ಟಿತು,
ತುಸು ನಿಧಾನ; ನಾಲ್ವರ ಹೊರೆ ಮೂವರ ಹೆಗಲಲ್ಲಿ.
ಪಕ್ಕದ ಒಲೆ ಆಗಲೇ ಉರಿಯುತ್ತಿತ್ತು,
ಇದಾವುದರ ಸುಳಿವೂ ಇಲ್ಲದೆ.

ಮಧ್ಯಾಹ್ನ ಪಟ್ಟಿಯಿಂದ ಮೂರನ್ನು ತೆಗೆದು ಆರನ್ನು ಸೇರಿಸಿದಳು.
ಒಂದು ಸಾಲಿನ ಆಜ್ಞೆ.
ಮುಂದಿನ ಸಲ ಅದಕ್ಕಾಗಿ ಯಾರೂ ಕಾಯುವುದಿಲ್ಲ.
ಕೆಲಸ ಕೆಲಸವೇ.

ಪರ್ಯಾಯ ಡಿಸ್ಕಿಗೆ ಹೊಸ ನಕಲು ತುಂಬುವಾಗ ಮಾತ್ರ
ಎಲ್ಲವನ್ನೂ ಬದಲಿಸಿದಳು, ಆ ಮೂರು ಸಾಲು ಬಿಟ್ಟು.
ಗಾಳಿ ಕರೆಂಟು ಕಿತ್ತ ಇನ್ನಾವುದೋ ಜನವರಿಯಲ್ಲಿ
ಯಾರೋ ಓದಲಿ;
ಮೇಲಿನ ಅಡುಗೆಮನೆಗೆ ಹೋಗಿ
ಚಮಚ ನೋಡಿ ಬರಲಿ.