ನಡುಗುವ ಕೈಯ ಗುರುತು

ಹಕೊದಾತೆ ಬಂದರಿನ ಹಿಂದೆ, ಸಮುದಾಯ ಭವನದ ಎರಡನೇ ಮಹಡಿ.
ಮಂಗಳವಾರ ಸಂಜೆ ಆರಕ್ಕೆ ನನ್ನ ಪಾಠ.
ಸೀಮೆಎಣ್ಣೆ ಒಲೆಯ ಸುತ್ತ ಏಳು ಜನ, ಎಪ್ಪತ್ತು ದಾಟಿದವರು,
ಮುಷ್ಟಿಯಲ್ಲಿ ಅಡಗುವ ಏಳು ಕ್ಯಾಮೆರಾ,
ಮಕ್ಕಳು ಹೊಸ ಫೋನು ಕೊಂಡು ಬಿಟ್ಟುಕೊಟ್ಟವು.

ಮೊದಲು ಬ್ಯಾಟರಿ. ಚಳಿಗೆ ಅದು ನಮಗಿಂತ ಮುಂಚೆ ಸೋಲುತ್ತದೆ,
ಕಂಕುಳಲ್ಲಿ ಇಟ್ಟುಕೊಳ್ಳಿ, ಎಂದೆ.
ಎಲ್ಲರೂ ಕಾವಿಗೆ ಕೂತ ಕೋಳಿಗಳಂತೆ ಕೂತರು.

ಮೆಗಾಪಿಕ್ಸೆಲ್ ಅಂದರೇನು, ಕೇಳಿದರು ತೊಕಿಯೆ,
ಮೀನಿನ ಸಗಟು ಅಂಗಡಿಯಲ್ಲಿ ಲೆಕ್ಕ ಬರೆದವರು.
ಚುಕ್ಕಿಗಳು. ಹನ್ನೆರಡು ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ.
ಕನ್ನಡಕ ತೆಗೆದು ಒರೆಸಿಕೊಂಡು ಅವರು
"ಮೊಮ್ಮಗುವಿನ ಮೂಗಿನ ಪಾಲಿಗೆ ಎಷ್ಟು ಬರುತ್ತದೆ?" ಎಂದರು.
ನನಗೆ ಗೊತ್ತಿರಲಿಲ್ಲ.

ಜೂಮ್‌ನಲ್ಲಿ ಎರಡು ಬಗೆ.
ಒಂದರಲ್ಲಿ ಗಾಜು ತಾನೇ ಮುಂದೆ ಚಾಚಿ ಹತ್ತಿರ ತರುತ್ತದೆ
ಬೆಟ್ಟದ ರೋಪ್‌ವೇ, ಅದರ ಕಿಟಕಿ, ಕಿಟಕಿಯ ಕೊಳೆ.
ಇನ್ನೊಂದು, ಡಿಜಿಟಲ್, ಇದ್ದುದನ್ನೇ ಹಿಗ್ಗಿಸುತ್ತದೆ,
ದೂರದ ಬೆಟ್ಟ ಮತ್ತೆ ನುಣ್ಣಗೆ.
ಅದನ್ನು ಆಫ್ ಮಾಡಿ. ಕಾಲಿದೆಯಲ್ಲ, ನಡೆಯಿರಿ.
ಮಂಡಿನೋವಿನ ಇಬ್ಬರು ನನ್ನನ್ನೇ ನೋಡಿದರು.

ಹೂವಿನ ಚಿಹ್ನೆ ಹೂವಿಗಷ್ಟೇ ಅಲ್ಲ,
ಬೆರಳಷ್ಟು ದೂರದ ಯಾವುದಕ್ಕೂ: ಗುಂಡಿ, ಔಷಧದ ಚೀಟಿ, ಮೀನಿನ ಕಣ್ಣು.
ವೈಟ್ ಬ್ಯಾಲೆನ್ಸ್: ಬೆಳ್ಳಗಿದ್ದುದೆಲ್ಲ ಹಾಲಲ್ಲ ಸರಿ,
ಟ್ಯೂಬ್‌ಲೈಟಿನ ಕೆಳಗೆ ಹಾಲೂ ಬೆಳ್ಳಗಿಲ್ಲ;
ಯಾವುದು ಬಿಳಿ ಎಂದು ನೀವೇ ಅದಕ್ಕೆ ಹೇಳಿಕೊಡಬೇಕು.
ಐಎಸ್ಒ, ಕತ್ತಲಲ್ಲಿ ಕಿವಿ ನಿಮಿರಿಸಿದ ಹಾಗೆ,
ಅತಿಯಾದರೆ ಇಲ್ಲದ ಸದ್ದೂ ಕೇಳುತ್ತದೆ,
ಚಿತ್ರದ ತುಂಬ ರವೆ.

ಶಟರ್ ಗುಂಡಿಗೆ ಎರಡು ಮೆಟ್ಟಿಲು.
ಅರ್ಧ ಒತ್ತಿ. ನಿಲ್ಲಿ. ಹಸಿರು ಚೌಕ, ಸಣ್ಣ ಪೀಪಿ.
ಆಮೇಲೆ ಮಿಕ್ಕ ಅರ್ಧ.
ಈ ನಿಲ್ಲುವುದೊಂದೇ ಯಾರಿಗೂ ಬರಲಿಲ್ಲ.

ಕೊನೆಯ ಕುರ್ಚಿಯ ಶಿಗೆಜೋ ತೆರೆಯನ್ನು ನನ್ನತ್ತ ತಿರುಗಿಸಿದರು,
ನಲವತ್ತು ವರ್ಷ ಬೊಂಡಾಸ್ ಹಿಡಿಯುವ ದೋಣಿ ನಡೆಸಿದವರು.
"ಇದೇನು, ಈ ಕೈ? ಆಗಿನಿಂದ ಮಿಣುಕುತ್ತಿದೆ."
ಕೆಂಪನೆಯ ಪುಟ್ಟ ಕೈ, ಪಕ್ಕದಲ್ಲಿ ಎರಡು ಅಲೆಗೆರೆ.
ಮೇಜಿನ ಮೇಲೆ ಅವರ ಬಲಗೈ ತನ್ನ ಪಾಡಿಗೆ
ಯಾರ ಮನೆಯದೋ ಬಾಗಿಲು ಬಡಿಯುತ್ತಿತ್ತು, ಸದ್ದಿಲ್ಲದೆ.
ಅಂಗೈ ಹುಣ್ಣಿಗೂ ಕನ್ನಡಿ ಹಿಡಿಯುವ ಈ ಯಂತ್ರವನ್ನು
ಯಾವ ಪುಣ್ಯಾತ್ಮ ಮಾಡಿದನೋ.

ಅದನ್ನು ಬಿಟ್ಟು ಸ್ಟೆಬಿಲೈಸರ್ ವಿಷಯ ಹೇಳಿದೆ:
ಒಳಗೊಂದು ಗಾಜು ಸಡಿಲವಾಗಿ ತೂಗುತ್ತಿರುತ್ತದೆ,
ನೀವು ಎಡಕ್ಕೆ ಅಲುಗಿದರೆ ಅದು ಬಲಕ್ಕೆ.
"ಸೊಂಟ," ಎಂದರು ಶಿಗೆಜೋ.
"ದೋಣಿಯಲ್ಲಿ ಆ ಕೆಲಸ ಸೊಂಟದ್ದು."

ಪಾಠ ಮುಗಿದ ಮೇಲೆ ಕಡಲಗೋಡೆಗೆ ಹೋದೆವು.
ದೂರದಲ್ಲಿ ದೋಣಿಗಳು, ಒಂದೊಂದರ ಮೇಲೂ ಸಾಲು ಸಾಲು ದೀಪ.
ಅಕ್ಕಿ ತುಂಬಿದ ಕಾಲುಚೀಲವನ್ನು ಗೋಡೆಗಿಟ್ಟು
ಅದರ ಮೇಲೆ ಅವರ ಕ್ಯಾಮೆರಾ ಕೂರಿಸಿ
ಎರಡು ಸೆಕೆಂಡಿನ ಟೈಮರ್ ಹಾಕಿಕೊಟ್ಟೆ,
ಬೆರಳು ದೂರ ಸರಿದ ಮೇಲೆ ಅದು ಕಣ್ಣು ತೆರೆಯುತ್ತದೆ.
ಬಂತು ಚಿತ್ರ. ಪೋಣಿಸಿದ ಮುತ್ತು, ಒಂದೂ ಅಲುಗಿಲ್ಲ.
ಆರೂ ಜನ ಬಗ್ಗಿ ನೋಡಿ ಓ ಎಂದರು.

ಶಿಗೆಜೋ ಕಾಲುಚೀಲ ನನ್ನ ಕೈಗೆ ಮರಳಿಸಿದರು.
ಬರಿಗೈಯಲ್ಲಿ ಹಿಡಿದರು. ಕೆಂಪು ಕೈ ಮಿಣುಕಿತು. ಮಿಣುಕಲಿ.
ಅರ್ಧ ಒತ್ತಿದರು, ನಿಂತರು,
ಇಡೀ ತರಗತಿಯಲ್ಲಿ ಅವರೊಬ್ಬರೇ ನಿಂತರು,
ಮಿಕ್ಕರ್ಧ ಒತ್ತಿದರು.

ದೀಪಗಳೆಲ್ಲ ಎಳೆದ ನೂಲು, ಗಂಟು, ಮತ್ತೆ ನೂಲು.
ಕಸದಬುಟ್ಟಿಯ ಚಿಹ್ನೆ ತೋರಿಸಲು ನಾನು ಬೆರಳು ಚಾಚಿದ್ದೆ.
"ಬೇಡ. ಅದು ದಡದಿಂದ ನೋಡಿದ್ದು.
ದೋಣಿಯ ಮೇಲಿಂದ ಹೀಗೇ ಕಾಣುವುದು."

ಆ ಎರಡನ್ನೂ ಜೊತೆಗಿಟ್ಟು ಒಂದು ಫೋಟೊ ತೆಗೆಯೋಣವೆಂದರೆ
ನನ್ನ ಬ್ಯಾಟರಿಯೇ ಸತ್ತಿತ್ತು.
ತೊಕಿಯೆ ಕೋಟಿನೊಳಗೆ ಕೈ ಹಾಕಿ ತಮ್ಮದನ್ನು ತೆಗೆದುಕೊಟ್ಟರು.
ನನ್ನ ಕ್ಯಾಮೆರಾಕ್ಕೆ ಕೂರುವ ಅಳತೆಯಲ್ಲ.
ಬೆಚ್ಚಗಿತ್ತು, ಹಿಡಿದುಕೊಂಡೇ ಇದ್ದೆ.