ಹದಿನೈದು ನಿಮಿಷ

ಚುರುಕು ಮಗುವನ್ನು ಪಾದರಸ ಅನ್ನುತ್ತೇವೆ ನಾವು.
ಇದ್ರಿಯಾದಲ್ಲಿ ಹಾಗಂದು ನೋಡಿ,
ಮುದುಕಿಯರು ಮಾತು ನಿಲ್ಲಿಸಿ
ತಮ್ಮ ಕೈ ನೋಡಿಕೊಳ್ಳುತ್ತಾರೆ.

ಅವತ್ತು ಜನವರಿ. ನಾಲ್ಕೂವರೆಗೇ ಕತ್ತಲು.
ಸ್ಲಾವ್ಕಾ ಲೇಸು ಹೆಣೆಯುತ್ತಿದ್ದಳು,
ದುಂಡು ದಿಂಬಿನ ಮೇಲೆ ಹದಿನಾಲ್ಕು ಮರದ ಕಡ್ಡಿ, ಕಟಕಟ.
ನೆತ್ತಿಯ ಮೇಲೆ ಆರು ವರ್ಷದ ಸುರುಳಿ ಬಲ್ಬು.
ಹೊತ್ತಿಕೊಳ್ಳುವ ಮೊದಲು ಅರೆಗಳಿಗೆ ಯೋಚಿಸುವ ಬಲ್ಬು,
ಕರೆಂಟಿನ ಬಿಲ್ಲು ಇಳಿಸಿದ ಸಾಧು ಪ್ರಾಣಿ,
ಮಿಣಮಿಣ ಅಂದು ತೆಪ್ಪಗಾಯಿತು.

ತಮ್ಮನ ಮೊಮ್ಮಗ ಟಿಲೆನ್
ಟಾರ್ಚು ಬಾಯಲ್ಲಿ ಕಚ್ಚಿ ಕುರ್ಚಿ ಹತ್ತಿದ.
“ಸ್ವಿಚ್ಚು ಆರಿಸು. ಆರಲಿ ಬಿಸಿ. ಬುಡ ಹಿಡಿ, ಗಾಜಲ್ಲ.”
ಮೂರು ಮಾತಿನಲ್ಲಿ ಎರಡು ಕೇಳಿದ.

ಮುರಿದ ಸದ್ದು ಬಹಳ ಸಣ್ಣದು,
ಹಪ್ಪಳದ್ದು.

ಪೊರಕೆಗೆ ಓಡಿದವನ ಕಾಲರು ಹಿಡಿದಳು:
“ಗುಡಿಸಬೇಡ. ತುಳಿಯಬೇಡ. ಹೀಟರು ಆರಿಸು.
ಕಿಟಕಿ ತೆಗೆ, ಬಾಗಿಲು ಎಳೆದುಕೊಂಡು ಬಾ.”

ಹೊರಗೆ ಮೆಟ್ಟಿಲ ಮೇಲೆ, ಒಂದೇ ಕಂಬಳಿ, ಇಬ್ಬರು.
“ಎಷ್ಟು ಹೊತ್ತು?”
“ಹದಿನೈದು ನಿಮಿಷ.”
“ಎಷ್ಟಿತ್ತು ಅದರೊಳಗೆ?”
“ಪೆನ್ನಿನ ಮೊನೆಯಷ್ಟು.”
“ಅಷ್ಟಕ್ಕೆ ಇಷ್ಟಾ!”

ಅವಳು ಎದುರಿನ ಗುಡ್ಡ ನೋಡಿದಳು.
ಅದರ ಹೊಟ್ಟೆಗೆ ಅವಳಪ್ಪ ಇಪ್ಪತ್ತೆರಡು ವರ್ಷ ಇಳಿದ.
ಗೋಡೆ ಬೆವರುತ್ತಿತ್ತಂತೆ, ಬೆಳ್ಳಿಯ ಬೆವರು,
ಮುಟ್ಟಹೋದರೆ ಓಡುತ್ತಿತ್ತಂತೆ,
ಹೇಳಿ ಹೇಳಿ ನಗುತ್ತಿದ್ದ
ಮೂವತ್ತೊಂಬತ್ತಕ್ಕೇ ಹಲ್ಲಿಲ್ಲದ ಬಾಯಲ್ಲಿ.
ಸೂಪಿನ ಚಮಚ ತಟ್ಟೆಯಿಂದ ತುಟಿಗೆ ಹೋಗುವಷ್ಟರಲ್ಲಿ
ಖಾಲಿ. ನಡುಗುವ ಆ ಕೈಗೆ
ಅಮ್ಮ ಲೇಸು ಮಾರಿ ತಂದ ಹಿಟ್ಟು.

“ನಿನ್ನ ಮುತ್ತಜ್ಜನಿಗೆ ಯಾರೂ
ಒಂದು ಹದಿನೈದು ನಿಮಿಷ ಹೊರಗಿರು ಅನ್ನಲಿಲ್ಲ”
ಅಂದಳು. ಆಮೇಲೆ ಮೂಗೊರೆಸಿಕೊಂಡು,
“ಥಂಡಿ” ಅಂದಳು.

ಒಳಗೆ, ಹಳೆಯ ನಕ್ಷೆಯ ರಟ್ಟು ಹರಿದು
ಚೂರುಗಳನ್ನು ಒಟ್ಟಿದಳು, ಪುಡಿಗೆ ಅಂಟುಪಟ್ಟಿ,
ನೆಲಕ್ಕೆ ಒದ್ದೆ ಕಾಗದ,
ಎಲ್ಲವೂ ಸೌತೆ ಉಪ್ಪಿನಕಾಯಿಯ ಖಾಲಿ ಜಾಡಿಗೆ. ಮುಚ್ಚಳ ಬಿಗಿ.
ಟಾರ್ಚಿನ ಬೆಳಕಿಗೆ ಲೇಸಿನ ಮೇಲೊಂದು ಮಿಣುಕು.
ಅದೋ, ಗಾಜೋ, ಬರೀ ಕಣ್ಣಿನ ಗುಂಗೋ.
ಮೂರು ವಾರದ ಕೆಲಸ.
ಕತ್ತರಿಸಿ ಜಾಡಿಗೆ ಹಾಕಿದಳು.
ಟಿಲೆನ್ ಉಸಿರೆತ್ತಲಿಲ್ಲ.

ಶನಿವಾರ, ಹಳೆ ದೀಪ ಇಸಿದುಕೊಳ್ಳುವ ಕಟ್ಟೆಗೆ
ಹುಡುಗನೇ ಹೊತ್ತ, ಎರಡೂ ಕೈಯಲ್ಲಿ,
ತುಂಬಿದ ಹಾಲಿನ ಪಾತ್ರೆಯೇನೋ ಅನ್ನುವ ಹಾಗೆ,
ಮಂಜುಗಡ್ಡೆ ಕಂಡಲ್ಲೆಲ್ಲ ನಿಂತು, ನಿಂತು.
“ಇಷ್ಟೆಲ್ಲ ಯಾರೂ ಮಾಡಲ್ಲ ಅಜ್ಜಿ” ಅಂದ ಅಲ್ಲಿಯವನು.
“ಗೊತ್ತು. ಕೆಳಗೆ ಹೊಳೆ ಇದೆ, ಅದಕ್ಕೂ ಗೊತ್ತು.”

ಹೊಸದು ಎಲ್‌ಇಡಿ. ಇದರಲ್ಲಿ ಅದಿಲ್ಲ, ಅಂದ ಅಂಗಡಿಯವನು.
ಇಲ್ಲದಿದ್ದರೂ ಟಿಲೆನ್ ಬುಡವನ್ನೇ ಹಿಡಿದ,
ಕೋಳಿಮರಿ ಹಿಡಿದ ಹಾಗೆ.
ಸ್ವಿಚ್ಚು. ಥಟ್ಟನೆ ಬೆಳಕು.
ಆ ಹಳೆಯ ಅರೆಗಳಿಗೆಗೆಂದು
ಕಣ್ಣು ಮುಚ್ಚಿ ಕೂತಿದ್ದ ಸ್ಲಾವ್ಕಾ
“ಬಂತಾ?” ಅಂದಳು.