ಹರಿದ ಭೂಪಟ

ಗಂಜಾಮಿನ ನಮ್ಮ ಹೈಸ್ಕೂಲಿನ ಯುರೋಪು
ಮಡಿಕೆಯ ಗೆರೆಯಲ್ಲೇ ಹರಿದಿತ್ತು;
ನಾರ್ವೆ ಒಂದು ಕೈಗೆ, ಸ್ವೀಡನ್ ಇನ್ನೊಂದು ಕೈಗೆ.
ಡೆನ್ಮಾರ್ಕಿನ ಅರ್ಧ ಇಲಿಯ ಪಾಲು.
ಹೊಸದಕ್ಕೆ ಅರ್ಜಿ ಹಾಕಿ ಮೂರು ವರ್ಷ.
ಬಂದದ್ದು ಒಂದು ಗ್ಲೋಬು, ಅಕ್ಷವಿಲ್ಲದ್ದು.

ಸುರುಳಿ ಸುತ್ತಿ, ಬಸ್ಸಿನಲ್ಲಿ ಮೊಣಕಾಲ ನಡುವೆ ನಿಲ್ಲಿಸಿಕೊಂಡು
ಮಂಡಿ ಮೊಹಲ್ಲಾಕ್ಕೆ ಒಯ್ದೆ, ಬೈಂಡರ್ ಜಬ್ಬಾರ್ ಸಾಬರಲ್ಲಿಗೆ.
ಕುರಾನು, ಪಂಚಾಂಗ, ಸಹಕಾರ ಸಂಘದ ಲೆಡ್ಜರು
ಎಲ್ಲಕ್ಕೂ ಅವರದು ಒಂದೇ ಗೋಂದು:
ಬೇಯಿಸಿದ ಮೈದಾ, ಚಿಟಿಕೆ ಮೈಲುತುತ್ತ.
'ಎರಡನ್ನೂ ಕೂಡಿಸ್ಬೇಕಾ ಮೇಷ್ಟ್ರೇ,
ಇಲ್ಲಾ ಬೇರೆ ಬೇರೆ ಅಟ್ಟೆ ಹಾಕ್ಲಾ?'
ತಮಾಷೆಗೆ ಕೇಳಿದ್ದು. ನಾನು ಪಾಠಕ್ಕಿಳಿದೆ. ಅಭ್ಯಾಸ.

ಒಂದು ಕಾಲಕ್ಕೆ ಮೂರು ರಾಜ್ಯಕ್ಕೂ ಒಬ್ಬಳೇ ಒಡತಿ.
ಆಮೇಲೆ ನಾರ್ವೆ ನೂರಾರು ವರ್ಷ ಡೆನ್ಮಾರ್ಕಿನ ಕೈಕೆಳಗೆ,
ಅಲ್ಲಿಂದ ತೊಂಬತ್ತು ಚಿಲ್ಲರೆ ವರ್ಷ ಸ್ವೀಡನ್ನಿನ ದೊರೆಗೆ.
ಕೊನೆಗೆ ಕೂತು ಮಾತಾಡಿ, ಗಡಿಯ ಕೋಟೆಗಳ ಕೆಡವಿ
ಬೇರೆ ಒಲೆ ಹೂಡಿದವು.
ಈಗ ಗಡಿಯೆಂದರೆ ಕಾಡಿನ ನೆತ್ತಿಗೆ ತೆಗೆದ ಬೈತಲೆ.
ಜಬ್ಬಾರ್ ಸಾಬರ ಬ್ರಷ್ಷು ನಿಂತಿತು.
'ಗುಂಡು ಹಾರ್‍ಲಿಲ್ವಾ? ಒಂದೂ?'
ಹಾರಲಿಲ್ಲ. ಎರಡು ಕಡೆಯೂ ದಂಡು ನಿಂತಿತ್ತು, ಅಷ್ಟೇ.
ಅವರು ಮತ್ತೆ ಮಾತಾಡಲಿಲ್ಲ.
ಅಂಗಡಿಯ ನಡುವೆ ಹೊಸ ಗೋಡೆ, ಆಚೆ ತಮ್ಮನ ಮೆಷಿನ್ ಸದ್ದು,
ಹಸಿ ಸಿಮೆಂಟಿನ ವಾಸನೆ
ನಾನು ನೋಡದವನ ಹಾಗೆ ನೋಡಿದೆ.

ಸೋಮವಾರ ಗೋಡೆಗೆ ನೇತುಹಾಕಿದೆವು.
ಒಂದು ಚಳಿಗಾಲ ಸಮುದ್ರ ಹೆಪ್ಪುಗಟ್ಟಿ
ಸ್ವೀಡನ್ನಿನ ದಂಡು ನಡೆದೇ ಡೆನ್ಮಾರ್ಕಿನೊಳಕ್ಕೆ ಬಂತು, ಅಂದೆ.
ಹರಿಗೋಲು ಅಂಕಯ್ಯನ ಮಗಳು ಇಂದುಕಲಾ ಎದ್ದಳು:
'ನಮ್ಮೂರ್‍ಗೂ ಹಂಗೇ ಬಂದ್ರಲ್ವಾ ಸಾ, ಬ್ಯಾಸ್ಗೇಲಿ,
ಹೊಳೆ ಇಳ್ದಿದ್ದಾಗ, ಕೋಟೆಗೆ.
ಅಲ್ಲಿ ನೀರು ಗಟ್ಟಿಯಾಗಿ ಕೈಕೊಡ್ತು,
ಇಲ್ಲಿ ಬತ್ತಿ ಕೈಕೊಡ್ತು.'
ನನ್ನ ನೋಟ್ಸಿನಲ್ಲಿ ಇದು ಇರಲಿಲ್ಲ.

ಫಿನ್‌ಲೆಂಡಿನ ಮಕ್ಕಳ ಕತೆ ಹೇಳಬಾರದಿತ್ತೇನೋ.
ಯುದ್ಧದಲ್ಲಿ ಕೊರಳಿಗೆ ಹೆಸರಿನ ಚೀಟಿ ಕಟ್ಟಿ
ಪಕ್ಕದ ದೇಶಕ್ಕೆ ರೈಲು ಹತ್ತಿಸಿದರು.
ಯಾರ್‍ಯಾರದೋ ಮನೆಯಲ್ಲಿ ಹಾಲು, ಹಾಸಿಗೆ, ಹೊಸ ಬೂಟು.
ತಿರುಗಿ ಬಂದಾಗ ಕೆಲವರಿಗೆ
ಅವ್ವನ ಮಾತೇ ತಿಳಿಯಲಿಲ್ಲ.
ಕ್ಲಾಸಿನಲ್ಲಿ ಯಾರೋ ಗುರುತಿನ ಕಾರ್ಡಿನ ದಾರ
ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತುತ್ತಿದ್ದರು.

ಅದಕ್ಕೇ ಮಂಜಿನ ಮಾತಿಗೆ ಹೊರಳಿದೆ.
ಹರದಾರಿ ದಪ್ಪದ ಹಿಮ ಆ ದೇಶಗಳ ಬೆನ್ನ ಮೇಲಿತ್ತು.
ಕರಗಿ ಸಾವಿರಾರು ವರ್ಷ; ನೆಲ ಇನ್ನೂ ಮೇಲೇಳುತ್ತಿದೆ,
ಎರಡು ದಡದಲ್ಲೂ, ಗಡಿ ಕೇಳದೆ,
ವರ್ಷಕ್ಕೆ ಕಿರುಬೆರಳ ಉಗುರಿನಷ್ಟು.
ಹಡಗು ನಿಲ್ಲುತ್ತಿದ್ದ ಕಡೆ ಈಗ ಹುಲ್ಲು.
'ಇನ್ನೂವಾ?' ಅಂದ ಕಿರಂಗೂರಿನ ಜವರೇಶ.
ಸ್ವಲ್ಪ ಯೋಚಿಸಿ ತಾನೇ ಹೇಳಿದ:
'ಫ್ಯಾಕ್ಟ್ರಿತಾವ ಕಬ್ಬು ಇಳ್ಸಿ ನೊಗ ಬಿಚ್ಚಿದ್ ಮ್ಯಾಲೂ
ಎತ್ತಿನ ಹೆಗಲು ಬಾಳೊತ್ತು ಅದುರ್‍ತಾ ಇರ್ತದೆ ಸಾ.
ಮುಟ್ಟಿದ್ರೆ ಗೊತ್ತಾಯ್ತದೆ.'

ಬೆಲ್ಲು ಹೊಡೆಯಿತು. ಬಿಸಿಯೂಟಕ್ಕೆ ತಟ್ಟೆಗಳ ಗದ್ದಲ.
ಇಲಿ ತಿಂದ ಡೆನ್ಮಾರ್ಕಿಗೆ ಸಾಬರು
ಯಾವುದೋ ಲೆಡ್ಜರಿನ ಕಾಗದ ಕೂರಿಸಿದ್ದರು,
ನೀಲಿ ಗೆರೆಗಳ ನಡುವೆ ಮಸುಕು ಅಂಕಿ: ಬಾಕಿ ೪೩ ರೂ.

ಇಂದುಕಲಾ ಹೋಗಲಿಲ್ಲ. ಕುರ್ಚಿ ಹತ್ತಿ
ಅಂಟಿಸಿದ ಗೆರೆಯುದ್ದಕ್ಕೂ ಬೆರಳಾಡಿಸಿದಳು,
ಮೇಲಿನಿಂದ ಕೆಳಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ.
'ಇಲ್ಲಿ ಉಬ್ಬೈತೆ ಸಾ,' ಅಂದಳು.
ಅಲ್ಲಿ ಬೆಟ್ಟಸಾಲು ಇದೆ, ಅಂದೆ.
'ಬೆಟ್ಟ ಅಲ್ಲ ಸಾ, ಗೋಂದು.'